ಖಾಲಿ ಬಾರದ ಡಬ್ಬಿ

ನಾನು ಅನ್ಯಗ್ರಹದವರ ಕಥೆ ಬರೆಯುವವಳು. ಹಾಗಾಗಿ ಇದನ್ನು ಹೇಳಿದರೆ ಜನ ನಗುತ್ತಾರೆ. ನಗಲಿ, ಇದು ನಾನು ಬರೆದದ್ದಲ್ಲ.

ಚಿಕ್ಕಂದಿನಿಂದ ನನ್ನ ಕನಸಿಗೆ ಇಬ್ಬರು ಬರುತ್ತಾರೆ. ಅವರು ಮುಟ್ಟಿದ್ದೆಲ್ಲ ತಣ್ಣಗಾಗುತ್ತದೆ. ಆ ಸಂಗತಿಯನ್ನು ಮಾತ್ರ ನಾನು ಯಾವ ಕಥೆಯಲ್ಲೂ ಬರೆದಿಲ್ಲ, ಯಾರಿಗೂ ಹೇಳಿಲ್ಲ.

ಕಳೆದ ಮೇ ತಿಂಗಳ ಒಂದು ಮಧ್ಯಾಹ್ನ ಆಳಂದಕ್ಕೆ ಹೋಗಿ ಭೂಸನೂರಿನ ಮನೆಗೆ ಮರಳಿದಾಗ ಅತ್ತೆ ಗುರುಬಾಯಿ ಖುಷಿಯಲ್ಲಿದ್ದರು.

“ನಿನ್ನ ಕಥಿ ಓದೋರು ಇಬ್ಬರು ಬಂದಿದ್ರವ್ವಾ. ಭಾಳ ಸಂಭಾವಿತ ಮಂದಿ. ನೀರು ಕೊಟ್ರ ಕುಡೀಲಿಲ್ಲ, ಚರಗಿ ಹಿಡಕೊಂಡೇ ಕುಂತ್ರು. ಖಾಲಿ ಕೈಲೆ ಹ್ಯಾಂಗ ಕಳಸ್ಲಿ? ಡಬ್ಬ್ಯಾಗ ಶೇಂಗಾ ಹೋಳಿಗಿ ಹಾಕಿಕೊಟ್ಟೆ.”

ಹೊರಗಿನ ಕಟ್ಟೆ ಕೂರಲಾಗದಷ್ಟು ಸುಡುತ್ತಿತ್ತು. ಅದರ ಮೇಲಿದ್ದ ಚರಗಿಯ ನೀರು ಮಂಜುಗಡ್ಡೆಯಾಗಿತ್ತು.

ಮರುದಿನ ಡಬ್ಬಿ ನಮ್ಮ ಹೊಸ್ತಿಲ ಮೇಲೆ ಬಿಸಿಲಲ್ಲಿತ್ತು. ಮುಚ್ಚಳದ ತುಂಬ ತಣ್ಣನೆಯ ಹನಿಗಳು. ಒಂದೇ ಕೈಯಲ್ಲಿ ಎತ್ತಿದೆ. ಒಳಗೆ ಏನೋ ಇತ್ತು.

“ನೋಡು, ರೀತಿ ತಿಳದ ಮಂದಿ! ಡಬ್ಬಿ ಖಾಲಿ ಕಳಿಸಿಲ್ಲ,” ಎಂದು ಅತ್ತೆ ಮುಚ್ಚಳಕ್ಕೆ ಕೈ ಹಾಕಿದರು.

“ತೆಗಿಬ್ಯಾಡ್ರಿ ಅತ್ತಿ, ನಿಮ್ಮ ಕಾಲಿಗೆ ಬೀಳ್ತೇನಿ!”

ಅಂದಿನಿಂದ ಅದು ಅಡುಗೆಮನೆಯ ಮೂಲೆಯಲ್ಲಿದೆ. ಬೆಲ್ಲಕ್ಕೆ ಮುತ್ತುವ ಇರುವೆಗಳು ಅದನ್ನು ದೂರದಿಂದಲೇ ಬಳಸಿಕೊಂಡು ಹೋಗುತ್ತವೆ. ಬಂದವರು ಕೊಟ್ಟದ್ದನ್ನು ನೋಡಲೂ ಬಿಡಲಿಲ್ಲವೆಂದು ಅತ್ತೆಗೆ ಇನ್ನೂ ಸಿಟ್ಟು.

ನಿನ್ನೆ ನೆಲ ಸಾರಿಸಲೆಂದು ಆ ಡಬ್ಬಿಯನ್ನು ಸರಿಸಲು ಹೋದೆ. ಅತ್ತೆಯೂ ನಾನೂ ಸೇರಿ ಎತ್ತಲು ನೋಡಿದರೂ ಅಲುಗಲಿಲ್ಲ.