ಬೀಳಲೊಲ್ಲದ ಹಿತ್ತಾಳೆ ಹಕ್ಕಿ

ಈ ಕತೆಯನ್ನು ನಮಗೆ ಮೊದಲು ಹೇಳಿದವರು ಮಠದಲ್ಲಿ ಗಂಟೆ ಬಾರಿಸುತ್ತಿದ್ದ ಹಾಲಪ್ಪಜ್ಜ. ಶಿವನನ್ನು ನೆನೆದು ಕೇಳಿ.

ಬಹುಕಾಲದ ಹಿಂದೆ ಹೊನ್ನಗಿರಿ ರಾಜ್ಯದಲ್ಲಿ ಗಿರಿಮಲ್ಲನೆಂಬ ಬಿಲ್ಲುಗಾರನಿದ್ದ. ಅವನ ಹೆಂಡತಿ ನೀಲವ್ವನನ್ನು ಧೂಮಕೇಶಿಯೆಂಬ ಮಾಂತ್ರಿಕ ಹಿತ್ತಾಳೆಯ ಹಕ್ಕಿ ಮಾಡಿ, ಗುಡ್ಡದ ಮೇಲೊಂದು ಹಲಗೆಗೆ, ಹೊಡೆದರೆ ಹಿಂದಕ್ಕೆ ಮಡಚಿ ಬೀಳುವಂಥ ಕೀಲು ಹಾಕಿ ನಿಲ್ಲಿಸಿದ. ಕಾವಲಿಗೆ ಮಾತಾಡುವ ಹುಲಿಯನ್ನಿಟ್ಟ.

“ಆಯುಧಪೂಜೆಯ ದಿನ ಬಾ. ಹಕ್ಕಿಯನ್ನು ನೀನೇ ನಿಲ್ಲಿಸು, ನೀನೇ ಹೊಡಿ. ಹೊತ್ತು ಮುಳುಗುವುದರೊಳಗೆ ಸತತ ಮೂರು ಬಾಣಕ್ಕೆ ಮೂರು ಸಲವೂ ಅದು ಬಿದ್ದರೆ ಹೆಂಡತಿ ನಿನ್ನವಳು. ಮೂರು ವರ್ಷದಲ್ಲಿ ಆಗದಿದ್ದರೆ ಅವಳು ಎಂದೆಂದಿಗೂ ಹಿತ್ತಾಳೆಯೇ,” ಎಂದ.

ಸಂಜೆ ದೀಪ ಹಚ್ಚುವಾಗ ನೀಲವ್ವ ಹಾಡುತ್ತಿದ್ದ ಹಾಡು ಗಿರಿಮಲ್ಲನಿಗೆ ಅರ್ಧ ಮಾತ್ರ ಬರುತ್ತಿತ್ತು. ಅಷ್ಟನ್ನೇ ಹಾಡಿ, ಉಳಿದದ್ದಕ್ಕೆ ಕಾಯುವವನಂತೆ ಸುಮ್ಮನೆ ಕೂರುತ್ತಿದ್ದ.

ಮೊದಲ ವರ್ಷ ಮರದ ಕೀಲು ಮಳೆಗೆ ಉಬ್ಬಿತ್ತು. ಬಾಣ ತಗುಲಿತು, ಹಕ್ಕಿ ಅಲುಗಲಿಲ್ಲ.

ಎರಡನೆಯ ವರ್ಷ ಕಬ್ಬಿಣದ ಕೀಲು ತಂದ. ಆದರೆ ಹಲಗೆ ಓರೆಯಾಗಿತ್ತು. ಬಾಣ ಬಿಡುವ ಮೊದಲೇ ಗಾಳಿ ಬೀಸಿ ಹಕ್ಕಿ ಉರುಳಿತು.

“ಗಾಳಿಗೆ ಹೆಂಡತಿಯಾದಳಲ್ಲೋ!” ಎಂದು ಹುಲಿ ನಕ್ಕಿತು.

ಮೂರನೆಯ ವರ್ಷ ಹಲಗೆಯ ಮೇಲೆ ನೀರು ಸುರಿದು, ಅದು ಎತ್ತಲೂ ಹರಿಯದಂತೆ ಮಟ್ಟ ಮಾಡಿದ. ಕೀಲಿನ ಧೂಳು ಒರೆಸಿದ. ಆದರೂ ಒಮ್ಮೆ ಬಿದ್ದ ಹಕ್ಕಿ ಇನ್ನೊಮ್ಮೆ ಬೀಳಲಿಲ್ಲ. ಠಣ್ ಎಂದಿತು, ನಿಂತೇ ಇತ್ತು. ಹೊತ್ತು ಇಳಿಯಿತು.

“ಎಲಾ ಮಲ್ಲ, ಬೆಳಗಿನಿಂದ ಕಾಲಿಗೇ ಹೊಡೀತಿದ್ದೀಯಲ್ಲ, ಹೆಂಡತಿಗೆ ಪಾದಪೂಜೆಯೋ?” ಎಂದಿತು ಹುಲಿ.

ಗಿರಿಮಲ್ಲ ಬಿಲ್ಲು ತಗ್ಗಿಸಿದ. ಬುಡಕ್ಕೆ ಹೊಡೆದರೆ ನಿಂತದ್ದು ಉರುಳದು, ಎದೆಗೇ ಹೊಡೆಯಬೇಕು. ಅದು ಅವನಿಗೆ ತಿಳಿಯದ್ದೇನಲ್ಲ. ಎದೆಗೆ ಗುರಿ ಹಿಡಿದಾಗಲೆಲ್ಲ ಕೈ ತಾನಾಗಿ ಕೆಳಗಿಳಿಯುತ್ತಿತ್ತು, ಹೆದೆ ಸಡಿಲವಾಗುತ್ತಿತ್ತು.

ಆಗ ಹಕ್ಕಿ ಮೂರು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟಿತು. “ಏನ್ರೀ, ಹೊಡೀರಿ.”

“ನಿನ್ನ ಎದೆಗೆ ಹೆಂಗೆ ಹೊಡೀಲಿ ನೀಲಾ? ನೋವಾಗ್ತದೆ.”

“ನಿಂತೂ ನಿಂತೂ ಆಗಿರೋ ನೋವಿಗಿಂತಲಾ? ಸಾರಿಗೆ ಉಪ್ಪು ಜಾಸ್ತಿಯಾದ್ರೂ ಹೇಳೋಕೆ ಹೆದರ್ತಿದ್ರಿ. ಇವತ್ತೊಂದಿನ ಹೆದರಬೇಡ್ರಿ.”

ಗಿರಿಮಲ್ಲ ಕಣ್ಣೊರೆಸಿಕೊಂಡು, ಕಿವಿಯವರೆಗೆ ಹೆದೆ ಎಳೆದು ಬಿಟ್ಟ. ಹಕ್ಕಿ ಮಲಗಿತು. ಎತ್ತಿ ನಿಲ್ಲಿಸಿ ಮತ್ತೆ ಹೊಡೆದ, ಮಲಗಿತು. ಸೂರ್ಯ ಗುಡ್ಡದ ಅಂಚು ಮುಟ್ಟುವಾಗ ಮೂರನೆಯ ಬಾಣ ಬಿಟ್ಟ. ಹಿತ್ತಾಳೆ ಬಿರಿಯಿತು. ನೀಲವ್ವ ಎದೆ ನೀವಿಕೊಳ್ಳುತ್ತಾ ಎದ್ದು ನಿಂತಳು.

ಧೂಮಕೇಶಿ ಹೊಗೆಯಾಗಿ ಹೋದ. ಅವನ ಮಾಟ ಕಳೆದು ಹುಲಿಯೂ ಮನುಷ್ಯನಾಗಿ, “ನನ್ನ ಹೆಂಡತಿಯೂ ಕಾಯ್ತಿದ್ದಾಳೆ” ಎಂದು ಊರ ಕಡೆ ಓಡಿದ.

ಗುಡ್ಡ ಇಳಿಯುವಾಗ, ಎಲ್ಲಿ ನೋವಾದೀತೋ ಎಂದು ಗಿರಿಮಲ್ಲ ಅವಳ ಕೈ ಹಿಡಿಯಲಿಲ್ಲ. ಅವಳೇ ಗಟ್ಟಿಯಾಗಿ ಹಿಡಿದಳು. ಶಿವನ ದಯೆಯಿಂದ ಅವರೂ ರಾಜ್ಯದವರೂ ಸುಖವಾಗಿ ಬಾಳಿದರು.

ಯಾರನ್ನಾದರೂ ನೆನೆದು ಕಾಯುತ್ತಿರುವವರು ಸಿಕ್ಕರೆ, ಪಕ್ಕದಲ್ಲಿ ಕೂತು ಅವರಿಗೊಮ್ಮೆ ಈ ಕತೆ ಹೇಳಿ.