ಎರಡು ಸಾವಿರದ ಐನೂರ ಇಪ್ಪತ್ತು ಗುಂಡಿ

“ಒಂದೂರಲ್ಲಿ ಒಂದು ಸಂಖ್ಯೆ ಇತ್ತಂತೆ,” ಅಜ್ಜಿ ಸೂಜಿಗೆ ದಾರ ಪೋಣಿಸುತ್ತ ಶುರುಮಾಡಿದಳು. “ಅದರ ಮನೆಗೆ ಒಬ್ಬರೇ ಬರಲಿ, ಹತ್ತು ಜನ ಬರಲಿ, ಎಲ್ಲರಿಗೂ ಸರಿಸಮ ಪಾಲು. ಒಂದೂ ಮಿಗಲ್ಲ, ಒಂದೂ ಕಮ್ಮಿ ಬೀಳಲ್ಲ.”

“ಏಳು ಜನ ಬಂದ್ರೆ?” ಎಂದಳು ಪಿಟೀಲು. ದಿನವಿಡೀ ಏನಾದರೊಂದು ಕುಯ್ಯುತ್ತಲೇ ಇರುತ್ತಾಳೆಂದು ಮೊಮ್ಮಗಳಿಗೆ ಅಜ್ಜಿಯೇ ಇಟ್ಟ ಹೆಸರು ಅದು.

“ಏಳಕ್ಕೂ ಸೈ, ಎಂಟಕ್ಕೂ ಸೈ. ಅದಕ್ಕಿಂತ ಚಿಕ್ಕ ಸಂಖ್ಯೆ ಯಾವುದಕ್ಕೂ ಇಂಥ ದೊಡ್ಡ ಮನಸ್ಸಿಲ್ಲ ಕಣೇ. ಎರಡು ಸಾವಿರದ ಐನೂರ ಇಪ್ಪತ್ತು!”

ಅಜ್ಜಿ ಟೈಲರ್. ಹಳೇ ಬಟ್ಟೆಗಳಿಂದ ಬಿಚ್ಚಿದ ಗುಂಡಿಗಳನ್ನು ವರ್ಷಗಟ್ಟಲೆ ಡಬ್ಬಿಯಲ್ಲಿ ಕೂಡಿಟ್ಟಿದ್ದಳು. ಅಷ್ಟು ಗುಂಡಿಯಾದ ಮೇಲೆ ಬೀದಿಯ ಮಕ್ಕಳನ್ನೆಲ್ಲ ಕರೆದು, ಗುಂಡಿಯ ಚಿತ್ರ ಹೊಲಿಯಲು ಕಲಿಸುವುದೆಂದು ಅವಳ ಆಸೆ. ಅಂಗಡಿಯಲ್ಲಿರುವುದು ಹತ್ತೇ ಸ್ಟೂಲು. ಎಷ್ಟು ಜನ ಬರುತ್ತಾರೋ ಯಾರಿಗೆ ಗೊತ್ತು?

“ಒಂದೂ ತಪ್ಪದ ಹಾಗೆ ನಾನು ಎಣಿಸಿ ಕೊಡ್ತೀನಜ್ಜಿ, ಪ್ರಾಮಿಸ್!” ಎಂದಳು ಪಿಟೀಲು.

ಹತ್ತು ಹತ್ತರ ಗುಡ್ಡೆ ಮಾಡಿ ಎಣಿಸಿದಳು. ಸರಿಯಾಗಿ ಇನ್ನೂರ ಐವತ್ತೆರಡು ಗುಡ್ಡೆಗೆ ಡಬ್ಬಿ ಖಾಲಿ. ಕೊನೆಯ ಗುಡ್ಡೆಯ ಹತ್ತನೆಯದು ನೀಲಿ ಗಾಜಿನ ಗುಂಡಿ. ಬೆಳಕಿಗೆ ಹಿಡಿದರೆ ಒಳಗೊಂದು ಪುಟ್ಟ ಸಮುದ್ರ! ಇಷ್ಟೊಂದರಲ್ಲಿ ಒಂದು ಹೋದರೆ ಯಾರಿಗೆ ತಿಳಿಯುತ್ತೆ? ಗುಂಡಿ ಮೆಲ್ಲಗೆ ಫ್ರಾಕಿನ ಜೇಬು ಸೇರಿತು.

ಶನಿವಾರ ಪಿಟೀಲೂ ಸೇರಿ ಏಳು ಮಕ್ಕಳು ಕೂತರು. ತಲಾ ಮುನ್ನೂರ ಅರವತ್ತು.

“ಅಜ್ಜೀ, ನಂಗೆ ಒಂದು ಕಮ್ಮಿ!” ಎಂದ ಕೊನೆಯಲ್ಲಿ ಕೂತಿದ್ದ ಡ್ರೈವರ್ ಮಾಮನ ಮಗ.

“ನಿಂಗೆ ಎಣಿಸೋಕೇ ಬರಲ್ಲ ಬಿಡೋ,” ಎಂದಳು ಪಿಟೀಲು.

ಅವನು ಮತ್ತೆ ಎಣಿಸಿದ. ಮುನ್ನೂರ ಐವತ್ತೊಂಬತ್ತೇ.

ಅಷ್ಟರಲ್ಲಿ ನರ್ಸ್ ಆಂಟಿಯ ಪುಟ್ಟ ಮಗಳು ಓಡಿಬಂದಳು. ಈಗ ಎಂಟು ಜನ. ತಲಾ ಮುನ್ನೂರ ಹದಿನೈದು. ಎಲ್ಲರೂ ತಮ್ಮ ಪಾಲಿನಿಂದ ನಲವತ್ತೈದು ತೆಗೆದು ಅವಳಿಗೆ ಕೊಟ್ಟರು. ಡ್ರೈವರ್ ಮಾಮನ ಮಗ ಬಿಡುವವನೇ? ನಲವತ್ತನಾಲ್ಕೇ ಕೊಟ್ಟ. ಕಮ್ಮಿ ಬಿದ್ದದ್ದು ಪುಟ್ಟಿಗೆ.

ಅಜ್ಜಿ ಕನ್ನಡಕ ಏರಿಸಿದಳು. “ಒಂಬತ್ತು ಜನ ಆದ್ರೂ ಒಂದೇ ಕಮ್ಮಿ, ಹತ್ತು ಜನ ಆದ್ರೂ ಒಂದೇ ಕಮ್ಮಿ. ಎಂಥಾ ಸಂಖ್ಯೆ ನೋಡು! ಹೇಗೆ ಹಂಚಿದ್ರೂ ಆ ಒಂದನ್ನ ಮರೆಯಲ್ಲ.”

“ನಿನ್ನ ಡ್ರಾಯರಿಂದ ಒಂದು ಹಾಕಿಬಿಡಜ್ಜಿ,” ಎಂದಳು ಪಿಟೀಲು.

“ಅವು ಗಿರಾಕಿಗಳ ಗುಂಡಿ ಕಣೇ.”

“ಪರವಾಗಿಲ್ಲಜ್ಜಿ, ನಂಗೆ ಇಷ್ಟು ಸಾಕು,” ಎಂದಳು ಪುಟ್ಟಿ.

ಪಿಟೀಲಿನ ಕೈ ಜೇಬಿನೊಳಗಿತ್ತು. ಐದು ಜನ ಬಂದಿದ್ದರೆ? ಆರು? ಮೂರು? ಮನಸ್ಸಿನಲ್ಲೇ ಹಂಚಿ ನೋಡಿದಳು. ಪ್ರತಿ ಸಲವೂ ಯಾರೋ ಒಬ್ಬರ ಪಾಲಿನಲ್ಲಿ ಒಂದೇ ಒಂದು ಗುಂಡಿಯಷ್ಟು ಜಾಗ ಖಾಲಿ.

ಅವಳು ಎದ್ದುಹೋಗಿ ಪುಟ್ಟಿಯ ಗುಡ್ಡೆಯ ಮೇಲೆ ನೀಲಿ ಗುಂಡಿಯನ್ನಿಟ್ಟಳು.

“ಮುನ್ನೂರ ಹದಿನೈದು!” ಪುಟ್ಟಿ ಅದನ್ನು ಬೆಳಕಿಗೆ ಹಿಡಿದಳು. “ಅಕ್ಕಾ, ಒಳಗೆ ನೀರಿದೆ!”

“ನೀರಲ್ಲ, ಸಮುದ್ರ.”

ಅಜ್ಜಿ ಮತ್ತೆ ಸೂಜಿ ಕೈಗೆತ್ತಿಕೊಂಡಳು. “ಏನೇ ಪಿಟೀಲು, ಎಣಿಸಿ ಆಯ್ತಾ?” ಎಂದಳು.

“ಈಗ ಆಯ್ತಜ್ಜಿ.”