ಸಭೆಯಲ್ಲಿ ಅಳುವವರು ಯಾರು?

"ನೀವು ಮಾತಾಡೋದು ಬೇಡ."

ಅಷ್ಟೇ ಹೇಳಿ, ಮುದ್ರಣಾಲಯದ ಹುಡುಗ ಸಭೆಯ ತಾಲೀಮಿಗೆಂದು ಮೈಕನ್ನು ಇಸ್ತ್ರಿ ಅಂಗಡಿಯವಳ ಎತ್ತರಕ್ಕೆ ಇಳಿಸಿದ. ಟೈಲರ್ ಹುಡುಗಿಗೆ ಎದೆಯೊಳಗೆ ಸೂಜಿ ಮುರಿದಂತಾಯಿತು!

ಪ್ರತಿ ಮನೆಗೂ ತಿಂಗಳಿಗಿಷ್ಟು ಹಣ, ಯಾಕೆ ಏನು ಎಂದು ಕೇಳದೆ... ಬೀದಿಯವರೇ ಕೈಲಾದಷ್ಟು ಹಾಕಿ ಒಂದು ವರ್ಷ ಹಾಗೆ ಹಂಚಿದ್ದರು. ಈಗ ಊರಿಗೆಲ್ಲ ಅದನ್ನು ಕೊಡಿ ಎಂದು ನಗರಸಭೆಯವರನ್ನು ಕೇಳುವ ಸಭೆ. ಹಣ ಪಡೆದವರೊಬ್ಬರು ಎದ್ದು ತಮ್ಮ ಕಷ್ಟ ಹೇಳಬೇಕು.

ಸಭೆಯ ಓಡಾಟವೆಲ್ಲ ಮುದ್ರಣಾಲಯದ ಹುಡುಗನದು. ಅವನು ಆರಿಸಿದ್ದು ಇಸ್ತ್ರಿ ಅಂಗಡಿಯವಳನ್ನು.

"ಮಹಾರಾಣಿಯವರೇ, ಕಣ್ಣೀರು ಅಲ್ಲಿ ಬೇಡ, 'ಗಂಡ ಬಿಟ್ಟುಹೋದ' ಅಂದಮೇಲೆ ಬರ್ಲಿ!" ಎಂದು ಅವಳಿಗೆ ಹೇಳಿಕೊಡುತ್ತಿದ್ದ.

ಇಬ್ಬರೂ ನಗುತ್ತಿದ್ದರು. ಅವನೇ ಅವಳಿಗೆ ನೀರು ತಂದುಕೊಟ್ಟ.

'ನನ್ನನ್ನ ಯಾವತ್ತಾದ್ರೂ ಮಹಾರಾಣಿ ಅಂದಿದ್ದಾನಾ? ಅಪ್ಪ ಹಾಸಿಗೆ ಹಿಡಿದದ್ದನ್ನೆಲ್ಲ ಹೇಳ್ಕೊಂಡಿದ್ದು ಇವನೊಬ್ಬನ ಹತ್ರ...'

ಆ ಸಂಜೆ ಮನೆಯಲ್ಲಿ ಅವಳ ಕೈಯಿಂದ ಪಾತ್ರೆಗಳು ದಡಬಡ ಬಿದ್ದವು.

"ಹೊಟ್ಟೇಲಿ ಅಷ್ಟು ಉರಿ ಇಟ್ಕೊಂಡು ಗ್ಯಾಸ್ ಯಾಕೆ ದಂಡ ಮಾಡ್ತೀಯೇ?" ಎಂದಳು ಅಮ್ಮ.

ಸಭೆಯ ದಿನ ಅವಳಿಗೆ ತಡೆಯಲಾಗಲಿಲ್ಲ. ಕುರ್ಚಿ ಜೋಡಿಸುತ್ತಿದ್ದವನನ್ನು ಅಡ್ಡಗಟ್ಟಿದಳು.

"ನಂಗೆ ಮಾತು ಬರಲ್ಲ ಅಂತಾನಾ? ಇಲ್ಲಾ ಅವಳ ಹಾಗೆ ಕಣ್ಣು ಹೊರಳಿಸೋಕೆ ಬರಲ್ಲ ಅಂತಾನಾ?"

ಅವನು ಬೆಪ್ಪಾದ.

"ನಿಮ್ಮ ಮನೆ ಕಷ್ಟಾನ ನೀವು ಅಷ್ಟು ಜನರ ಮುಂದೆ ಬಿಚ್ಚಿಡೋದು... ನನ್ನ ಕೈಲಿ ನೋಡೋಕಾಗಲ್ಲ ರೀ."

ಒಂದು ಕ್ಷಣ ಅವಳು ಬೆಣ್ಣೆಯಂತೆ ಕರಗಿದಳು! ಆದರೆ ಮೂಲೆಯಲ್ಲಿ ಇಸ್ತ್ರಿ ಅಂಗಡಿಯವಳು ಸೆರಗಿನ ತುದಿ ಹಿಂಡುತ್ತಾ ಏನೋ ಗೊಣಗುತ್ತಿದ್ದಳು.

"ಹಾಗಾದ್ರೆ ಅವಳದ್ದು? ಅದನ್ನ ನೋಡಬಹುದಾ?"

ಅವನು ಕೈಲಿದ್ದ ಕುರ್ಚಿಯನ್ನು ಕೆಳಗಿಟ್ಟ.

ಇಷ್ಟು ದಿನ ಮನಸ್ಸಿನಲ್ಲೇ ಶಪಿಸಿದ್ದ ಹೆಂಗಸಿನ ಪಕ್ಕ ಹೋಗಿ ಕೂತಳು ಟೈಲರ್ ಹುಡುಗಿ.

"ಅಕ್ಕಾ, ನಿಮಗೆ ಇದನ್ನ ಹೇಳೋಕೆ ಇಷ್ಟ ಇದೆಯಾ?"

"ಇಷ್ಟ ಎಲ್ಲಿಂದ ಬಂತು ತಾಯಿ! ಬಿಟ್ಟುಹೋದೋನ ಹೆಸರು ದಿನಾ ಎತ್ತಿ ಎತ್ತಿ, ಸೀನಿದ್ರೂ ಅವನದೇ ನೆನಪು. ಅತ್ರೇನೇ ಹಣ ಕೊಡೋದು ಅಂದ್ಕೊಂಡೆ..."

"ನಾನು ಹೋಗ್ಲಾ?"

"ಪುಣ್ಯ ಬರ್ಲಿ!"

ನಗರಸಭೆಯವರು ಬಂದು ಕೂತ ಮೇಲೆ ಮೈಕಿನ ಮುಂದೆ ಹೋಗಿ ನಿಂತದ್ದು ಟೈಲರ್ ಹುಡುಗಿ. ದನಿ ನಡುಗಲಿಲ್ಲ.

"ಯಾಕೆ ಅಂತ ಕೇಳದೆ ಕೊಡಿ ಅಂತಿದೀವಿ. ನಾವೇ ನಿಮ್ಮ ಮುಂದೆ ಅತ್ತು ಕಾರಣ ಒಪ್ಪಿಸಿದ್ರೆ ಹೇಗೆ? ಇವತ್ತು ಯಾರೂ ಅಳಲ್ಲ. ಹೋದ ವರ್ಷ ಈ ಹಣ ಬರ್ತಿದ್ದಾಗ ನನಗೂ ಭಾನುವಾರ ಅಂತ ಒಂದು ದಿನ ಇತ್ತು. ಹೊಲಿಗೆ ಬಿಟ್ಟು ಅಪ್ಪನ ಪಕ್ಕ ಸುಮ್ನೆ ಕೂತಿದ್ದೆ. ಅದು ಎಲ್ಲರಿಗೂ ಸಿಗಲಿ."

ಮೊದಲು ಚಪ್ಪಾಳೆ ತಟ್ಟಿದ್ದು ಇಸ್ತ್ರಿ ಅಂಗಡಿಯವಳು.

ಮುಂದಿನ ಸಭೆಯಲ್ಲಿ ಚರ್ಚಿಸುತ್ತೇವೆ ಎಂದು ಹೇಳಿ ನಗರಸಭೆಯವರು ಹೊರಟರು. ಖಾಲಿ ಹಾಲ್‌ನಲ್ಲಿ ಅವನು ಹತ್ತಿರ ಬಂದ.

"ಇಸ್ತ್ರಿ ಅಂಗಡಿಯವರ ಕ್ಷಮೆ ಕೇಳ್ದೆ. ನಿಮ್ಮದು ಬಾಕಿ."

"ಅವರ ಮೇಲೆ ನಾನೆಷ್ಟು ಹೊಟ್ಟೆ ಉರ್ಕೊಂಡೆ ಗೊತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಸುಮ್ನಿದ್ರಾ?!"

"ಸ್ವಲ್ಪ... ಖುಷಿಯಾಗ್ತಿತ್ತು."

ಅವಳು ಮಡಚಿದ ಬ್ಯಾನರ್‌ನಿಂದಲೇ ಅವನ ತೋಳಿಗೆ ಬಾರಿಸಿದಳು. ಅವನು ಅವಳ ಕೈ ಹಿಡಿದುಕೊಂಡ, ಬಿಡಲಿಲ್ಲ.

"ಇನ್ಮೇಲೆ ನಿಮ್ಮನ್ನ ಕೇಳದೆ ನಿಮ್ಮ ವಿಷಯ ಏನೂ ತೀರ್ಮಾನ ಮಾಡಲ್ಲ."

"ಹಾಗಾದ್ರೆ... ಕೇಳು."

ಆ ಏಕವಚನಕ್ಕೆ ಅವನ ಕಿವಿ ಕೆಂಪಾಯಿತು. ಬಗ್ಗಿ, ಅವಳಿಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಕೇಳಿದ.

"ಹೂಂ," ಎಂದಳು ಅವಳು. "ಅಮ್ಮನ್ನೂ ಒಂದ್ಮಾತು ಕೇಳು."